ಹಲವಾಗಲು ಹೊಳೆಗೆ ಬಂದ ಇಂಗ್ಲಿಷ್ ಪದ

ಶಿವಶಂಕರ,

ಇಡೀ ಹರಪನಹಳ್ಳಿ ತಾಲ್ಲೂಕು ಕಿವಿಗೊಟ್ಟು ಕೇಳಬೇಕಾದ ಮಹತ್ತರ ಸುದ್ದಿ: ನಿನ್ನೆ ನಾನು ಸೈಕೆಡೆಲಿಕ್ ರಾಕ್ ಎಂಬ ಅಮಲಿನ ಇಂಗ್ಲಿಷ್ ಹಾಡೊಂದಕ್ಕೆ ಚಪ್ಪಲಿ ಬಿಟ್ಟು ಕೈಮುಗಿದೆ.

ಹಲವಾಗಲು ಹೊಳೆಯಲ್ಲಿ ನಿಮ್ಮೂರ ದೇವಿಗೆ ಗಂಗೆಪೂಜೆ ಇತ್ತು. ಬ್ಯಾಂಡಿನಲ್ಲಿ ಊದುತ್ತೇನೆ, ಕೇಳಲು ಬಾ ಎಂದು ನೀನು ಪ್ರತಿ ವರ್ಷ ಕರೆಯುತ್ತಿದ್ದೆ; ನನಗೆ ಪ್ರತಿ ವರ್ಷ ಅಂಕಣ ಬರೆಯುವುದಿರುತ್ತಿತ್ತು. ನೀನು ತೀರಿಕೊಂಡ ಮೇಲೆ ಪುರುಸೊತ್ತಾಯಿತು.

ಪೂಜೆ ಮುಗಿದರೂ ಪಲ್ಲಕ್ಕಿ ಏಳಲಿಲ್ಲ. ಈ ವರ್ಷವಷ್ಟೇ ಬಂದು ನಿನ್ನ ಜಾಗದಲ್ಲಿ ಕ್ಲಾರಿಯೊನೆಟ್ ಹಿಡಿದಿರುವ ಮೈಲಾರೇಶ ಹೊಸ ಸಿನಿಮಾ ಹಾಡುಗಳನ್ನೆಲ್ಲ ಊದಿ ಬೆವತ. ಹೊರುವವರು ಕದಲಲಿಲ್ಲ.

“ದೇವಿ ಪದ ಹಚ್ಚಲೇ! ಅದಿಲ್ದ ಅಕಿ ಏಳಂಗಿಲ್ಲ,” ಎಂದು ನಿಮ್ಮ ಓಣಿಯ ಮುದುಕಿ ದ್ಯಾಮಕ್ಕ ಬೈದಳು.

“ಯಾವ್ ಪದ ಯಮ್ಮಾ?” ಎಂದ ಮೈಲಾರೇಶ.

ಹಲ್ಲಿಲ್ಲದ ಬಾಯಲ್ಲಿ ಮುದುಕಿ ಗುನುಗಿದಳು. ಅರವತ್ತರ ದಶಕದ ಆ ಇಂಗ್ಲಿಷ್ ಹಾಡೇ, ನಾವು ಹಾಸ್ಟೆಲ್ ರೇಡಿಯೊಗೆ ಕಿವಿ ಹಚ್ಚಿ ಕೇಳಿದ್ದು, ನಡುವಿನ ಆರ್ಗನ್ ವಾದ್ಯದ ಸುತ್ತು ಸಮೇತ! ಮೈಲಾರೇಶ ಹಿಡಿದುಕೊಂಡ. ಜನ ಚಪ್ಪಲಿ ಬಿಟ್ಟರು, ಪಲ್ಲಕ್ಕಿ ಎದ್ದಿತು.

“ಯಾರು ಕಟ್ಯಾರ ಯಮ್ಮಾ ಇದನ್ನ?” ಎಂದು ಆಮೇಲೆ ಮೈಲಾರೇಶ ಕೇಳಿದ.

“ದೇವಿನೇ ಶಿವಶಂಕ್ರನ ಕನಸಿನ್ಯಾಗ ಬಂದು ಕೊಟ್ಟಾಳ.”

ಹಾಸ್ಟೆಲ್ ರೇಡಿಯೊದ ಹಾಡನ್ನೇ ನೀನು ವರ್ಷಗಟ್ಟಲೆ ದೇವಿಗೆ ಊದಿದ್ದೆ ಎಂಬ ನಿಜ ಬಲ್ಲವನು ಅಲ್ಲಿ ನಾನೊಬ್ಬನೇ. ಒಂದು ವಾರದ ಅಂಕಣ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು.

“ಹೌದು, ನನಗೂ ಹೇಳಿದ್ದ,” ಎಂದೆ.

ಅಂಕಣಕ್ಕೆ ಈ ವಾರ ಸೊಳ್ಳೆಗಳ ಬಗ್ಗೆ ಬರೆದಿದ್ದೇನೆ.

ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು. ಆ ಹಾಡು ಕಟ್ಟಿದ ಉದ್ದಗೂದಲಿನವರು ಯಾರಾದರೂ ಅಲ್ಲಿ ಸಿಕ್ಕರೆ, ಚಹಾ ಕುಡಿಸಿ ಮಾತಿಗೆ ಹಚ್ಚು. ಅದನ್ನು ವಾಪಸ್ ಕೇಳದ ಹಾಗೆ ನೋಡಿಕೋ. ಇಲ್ಲಿ ಮುಂದಿನ ವರ್ಷಕ್ಕೂ ಬೇಕು.