ಐಸ್ ಬೆರೆಸಿದ ನೀರು

ಬಸ್ರಾ,
ಆಗಸ್ಟ್ ೧೪

ನನ್ನ ಮುದ್ದಿನ ತಂಗಿ ಸಬೀಹಾ,

ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿರುವ ಕೂಸೂ ತಣ್ಣಗಿರಲಿ. ಪತ್ರ ತಡವಾಯಿತು, ಬೈಯಬೇಡ. ಬರೆಯಲು ಕೂತರೆ ಮೊಣಕೈಯಿಂದ ಬೆವರು ಇಳಿದು ಕಾಗದವೇ ತೊಯ್ದುಹೋಗುತ್ತದೆ. "ದೊಡ್ಡಮ್ಮನನ್ನು ಕರಕೊಂಡು ಸುಲೈಮಾನಿಯಾಕ್ಕೆ ಬಂದುಬಿಡು, ಇಲ್ಲಿ ಗುಡ್ಡದ ಗಾಳಿ ಇದೆ" ಎಂದು ನೀನು ಬರೆದಿದ್ದೆ. ಅದಕ್ಕೆ ಉತ್ತರ ಕೊಡುತ್ತೇನೆ, ಮೊದಲು ಇಲ್ಲಿನ ಸುದ್ದಿ ಕೇಳು.

ನೀನು ಮದುವೆಯಾಗಿ ಹೋದ ಮೇಲೆ, ತೀರಿಕೊಂಡ ಹೆಂಗಸರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ನಾನೊಬ್ಬಳೇ. ನಮಗೆ ಕೆಲಸ ಕಲಿಸುವಾಗ ದೊಡ್ಡಮ್ಮ ಏನು ಹೇಳುತ್ತಿದ್ದರು, ನೆನಪಿದೆಯಾ? "ಚಳಿಗಾಲ ಮುದುಕರದ್ದು, ಬೇಸಿಗೆ ಖರ್ಜೂರದ್ದು ಕಣ್ರೇ." ನಿಜವೇ ಆಗಿತ್ತು. ಜನವರಿಯಲ್ಲಿ ನಮಗೆ ಕೂರಲು ಬಿಡುವಿರಲಿಲ್ಲ. ಬೇಸಿಗೆಯಲ್ಲಿ ಮೂವರೂ ಮಹಡಿಯ ಮೇಲೆ ನೀರು ಚಿಮುಕಿಸಿ ಮಲಗಿ, ಪಕ್ಕದ ಮಹಡಿಯವರ ಜೊತೆ ಹರಟುತ್ತಿದ್ದೆವು. ಈಗ ವರ್ಷದಿಂದ ವರ್ಷಕ್ಕೆ ಎಲ್ಲ ತಿರುಗುಮುರುಗು. ಚಳಿಗಾಲದಲ್ಲಿ ನಾನು ನೊಣ ಹೊಡೆಯುತ್ತೇನೆ. ಜುಲೈ ಬಂತೆಂದರೆ ಒಬ್ಬರನ್ನು ಕಳಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ. ರಾತ್ರಿಯೂ ಸೆಖೆ ಇಳಿಯುವುದಿಲ್ಲ. ಮಹಡಿಯ ಮೇಲೆ ಯಾರೂ ಮಲಗುವುದಿಲ್ಲ, ಎಲ್ಲರೂ ಬಾಗಿಲು ಹಾಕಿಕೊಂಡು ಕರೆಂಟು ಕಾಯುತ್ತಾರೆ. ಡಾಕ್ಟರು ಮಾತ್ರ ಕಾಗದದಲ್ಲಿ "ಹೃದಯ ನಿಂತಿತು" ಎಂದು ಬರೆಯುತ್ತಾರೆ. ಅಯ್ಯೋ, ಅದು ನಿಲ್ಲದೆ ಯಾರು ಸಾಯುತ್ತಾರೆ? ಯಾಕೆ ನಿಂತಿತು ಅಂತ ಬರೆಯಲಿ ನೋಡೋಣ!

ಟ್ಯಾಂಕಿನ ನೀರು ನಲ್ಲಿಯಲ್ಲಿ ಕುದಿಯುತ್ತಾ ಬರುತ್ತದೆ. ಮುಂಚೆ ಚಳಿಗೆ ನೀರು ಕಾಯಿಸುತ್ತಿದ್ದವರು ನಾವು. ಈಗ ಐಸ್ ಗಡ್ಡೆ ತಂದು ಹಾಕಬೇಕು. ಹೋದ ತಿಂಗಳು ಮೀನು ಮಾರುವ ಉಮ್ ಜಬ್ಬಾರ್ ಹೋದಳು. ನಮ್ಮನ್ನು ಕಂಡರೆ "ದೂರ ಹೋಗ್ರೇ, ನನಗಿನ್ನೂ ಟೈಮಿದೆ" ಎಂದು ರೇಗಿಸುತ್ತಿದ್ದಳಲ್ಲ, ಅವಳೇ. ಅವಳ ಸೊಸೆ ನನ್ನ ಕೈ ಹಿಡಿದು, "ಅಕ್ಕಾ, ಇನ್ನೂ ಸ್ವಲ್ಪ ಐಸ್ ಹಾಕಿ. ಅತ್ತೆಗೆ ಸೆಖೆ ಆಗುತ್ತೆ" ಅಂದಳು. ಇನ್ನೊಂದು ಗಡ್ಡೆ ಒಡೆದು ಹಾಕಿದೆ. ಬೋರೆ ಎಲೆಯ ನೀರು, ಕರ್ಪೂರದ ನೀರು, ಬರಿಯ ನೀರು, ಎಲ್ಲ ನಾನೇ ಹುಯ್ದು ನಾನೇ ಉಜ್ಜಿದೆ. ನೀನಿದ್ದಾಗ ನಾನು ಬಾಯಿ ಬಿಡುವ ಮೊದಲೇ ನೀರು ಬೀಳುತ್ತಿತ್ತು. ಸಬೀಹಾ, ನಿನ್ನನ್ನು ನೋಡಬೇಕು ಅಂತ ಜೀವ ಹಾತೊರೆಯುತ್ತಿದೆ. ನಿನ್ನ ಆ ಶ್ರುತಿಯಿಲ್ಲದ ಹಾಡನ್ನಾದರೂ ಒಮ್ಮೆ ಕೇಳಿದ್ದರೆ ಸಾಕಿತ್ತು.

ಹಾಗಂತ ಹೊರಟುಬಂದೀಯೆ! ಆಗಸ್ಟ್ ಬಾಗಿಲಿನ ಮೊಳೆಯನ್ನೂ ಸುಡುತ್ತದೆ ಅಂತ ಗಾದೆ, ಬಸುರಿಯನ್ನು ಬಿಟ್ಟೀತೇ? ಖರ್ಜೂರದ ಕೊಯ್ಲು ಮುಗಿಯಲಿ, ಆಮೇಲೆ ಬಾ.

ದೊಡ್ಡಮ್ಮನಿಗೆ ನಿನ್ನ ಪತ್ರ ಓದಿ ಹೇಳಿದ್ದೆ. "ಹುಟ್ಟಿದಾಗಿಂದ ಬಸ್ರಾದ ಬಿಸಿಲು ತಿಂದವಳು ನಾನು, ಅದು ನನ್ನ ತಿನ್ನುತ್ತಾ? ಹೋಗೇ!" ಅಂದರು. ಮರುದಿನ ಮೆಲ್ಲಗೆ, "ಅಲ್ಲಿ ರಾತ್ರಿ ಕಂಬಳಿ ಹೊದೀತಾರಂತಾ?" ಎಂದು ಕೇಳಿದರು.

ನಿನ್ನ ಗಂಡನಿಗೆ ನನ್ನ ಸಲಾಂ. ದೇವರು ನಿನ್ನ ಹೆರಿಗೆಯನ್ನು ಹೂವೆತ್ತಿದ ಹಾಗೆ ಮಾಡಿಸಲಿ.

ನಿನ್ನ ಅಕ್ಕ,
ನಜ್ಲಾ

ತಾ.ಕ.: ಉತ್ತರ ಕೊಡುತ್ತೇನೆ ಅಂದಿದ್ದೆ. ದೊಡ್ಡಮ್ಮ ಬರುವುದಿಲ್ಲ, ಸಬೀಹಾ. ಶುಕ್ರವಾರ ಮಧ್ಯಾಹ್ನ ಕರೆಂಟು ಹೋಗಿತ್ತು, ನಾನು ಇನ್ಯಾರದೋ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಚೀಲ ಕಟ್ಟಿಟ್ಟಿದ್ದರು. ಅದರಲ್ಲಿ ನಿನಗೆ ಅಂತ ಒಣನಿಂಬೆಯ ಗಂಟು, ತಮಗೆ ಅಂತ ಉಣ್ಣೆಯ ಶಾಲು. ಪಕ್ಕದಲ್ಲೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. ಐಸ್ ತರಿಸಿ ನೀರನ್ನು ಚೆನ್ನಾಗಿ ತಣ್ಣಗೆ ಮಾಡಿದೆ. ಅವರ ಬಲಗೈ ಎತ್ತಿ ಹಿಡಿದು, ರೂಢಿಯಲ್ಲಿ, "ಹುಯ್ಯೇ ಸಬೀಹಾ" ಅಂದುಬಿಟ್ಟೆ. ಎಷ್ಟೋ ಹೊತ್ತು ಆ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ.