ಬಾಗಿಲವರೆಗೆ ಮಾತ್ರ

ಮಂಗಳವಾರ, ಹದಿನಾಲ್ಕು
ಅಂಗಡಿಯಿಂದ, ಮಧ್ಯಾಹ್ನ

ಇವಳೇ,

ಹೀಗೆ ಕರೆಯುವ ಸಲಿಗೆ ನನಗೆ ಇನ್ನೂ ಇದೆಯೋ ಇಲ್ಲವೋ ತಿಳಿಯದು. ಹತ್ತೊಂಬತ್ತು ವರ್ಷ ಹೆಸರು ಹಿಡಿದು ಕರೆದವನಲ್ಲ. ಈಗ ಕಾಗದದ ಮೇಲೆ ನಿನ್ನ ಹೆಸರು ಬರೆದರೆ, ಯಾರೋ ಗಿರಾಕಿಗೆ ಕನ್ನಡಕ ಸಿದ್ಧವಾಗಿದೆಯೆಂದು ತಿಳಿಸಿದ ಹಾಗೆ ಇರುತ್ತದೆ.

ನಿನ್ನ ಪತ್ರ ತಲುಪಿತು. ಈ ಸಲ ಮೂರೇ ಸಾಲು. ತಿಂಗಳ ಕೊನೆಯೊಳಗೆ ನಿನ್ನ ಮಡಕೆ ಸುಡುವ ಆವಿಗೆ ಅಲ್ಲಿಯ ಮನೆಗೆ ಬರದಿದ್ದರೆ ಕುಂಬಾರಿಕೆ ಶಾಲೆಯವರು ನಿನಗೆಂದು ಇಟ್ಟಿರುವ ಸುಟ್ಟುಕೊಡುವ ಕೆಲಸವನ್ನು ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡುತ್ತಾರೆ ಎಂದಿದ್ದೀಯ. ಕೋಪದ ಒಂದು ಮಾತೂ ಇಲ್ಲ. ಅದನ್ನು ನೋಡಿಯೇ ಇದು ಕೊನೆಯ ಸಲ ಎಂದು ಅರ್ಥವಾಯಿತು.

ನೀನು ಮೊದಲು ಕೇಳಿ ನಾಲ್ಕು ತಿಂಗಳಾಯಿತು. ಮೂರು ಸಲವೂ ನಾನು ‘ವಿಚಾರಿಸುತ್ತಿದ್ದೇನೆ’ ಎಂದು ಬರೆದೆ. ವಿಚಾರಿಸಿದ್ದು ಸುಳ್ಳಲ್ಲ. ದಿನವಿಡೀ ಜನರ ಕಣ್ಣಮುಂದೆ ಒಂದೊಂದೇ ಗಾಜು ಇಟ್ಟು ‘ಇದು ಸ್ಪಷ್ಟವೋ, ಅದೋ’ ಎಂದು ಕೇಳಿ ಎರಡು ನಿಮಿಷದಲ್ಲಿ ಉತ್ತರ ಹೊರಡಿಸುವವನು, ಒಂದು ಸಾಮಾನನ್ನು ಯಾವುದರಲ್ಲಿ ಕಳಿಸುವುದೆಂದು ನಾಲ್ಕು ತಿಂಗಳು ಯೋಚಿಸಿದೆ.

ಪಾರ್ಸೆಲ್ ಕಚೇರಿಗೆ ಹೋದದ್ದು ನಿನ್ನ ಮೊದಲ ಪತ್ರ ಬಂದ ವಾರದಲ್ಲೇ. ಕೌಂಟರಿನ ಹೆಂಗಸು ತೂಕ ಕೇಳಿದಳು. ನೂರ ನಲವತ್ತು ಕಿಲೋ ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ, “ಒಂದು ಡಬ್ಬಕ್ಕೆ ಮೂವತ್ತೈದೇ ಸ್ವಾಮಿ. ಬಿಚ್ಚೋಕೆ ಬರಲ್ವಾ ಅದು?” ಎಂದಳು. ಬರುವುದಿಲ್ಲ ಎಂದು ನಿನಗೆ ಬರೆದಿದ್ದೆ, ನೆನಪಿರಬಹುದು. ಬರುತ್ತದೆ. ಆ ಸಂಜೆ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಕೋಣೆಯಲ್ಲಿ ಕುಳಿತೆ. ಮುಚ್ಚಳ ಸಲೀಸಾಗಿ ಬಂತು. ಅದರ ಕೆಳಗಿನ ಲೋಹದ ಬಳೆಯ ತಿರುಪುಗಳೂ ಸಡಿಲಾದವು. ಒಳಗಿನ ಇಟ್ಟಿಗೆಯ ಮೇಲೆ ನಿನ್ನ ಬೆರಳಿನ ಗಾತ್ರದ ಒಂದು ತಗ್ಗು, ಅದರಲ್ಲಿ ಹಸಿರು ಬಣ್ಣ ಕರಗಿ ಗಾಜಾಗಿ ನಿಂತಿತ್ತು. ಸ್ವಲ್ಪ ಹೊತ್ತು ನೋಡಿ, ಎಲ್ಲವನ್ನೂ ಮೊದಲಿನಂತೆ ತಿರುಪಿ ಮುಚ್ಚಿದೆ. ಬಿಡಿಬಿಡಿ ಮಾಡಿ ಕಳಿಸಿದರೆ ಅಲ್ಲಿ ನಿನಗೆ ಜೋಡಿಸುವುದು ಕಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಮನೆ ಸಾಗಿಸುವವರನ್ನು ಕರೆಸಿದೆ. ಅವರ ಮೇಸ್ತ್ರಿ ಬಂದ ದಿನ ಅಕ್ಕನೂ ಬಂದಿದ್ದಳು. ನಿನ್ನ ಅತ್ತಿಗೆಯ ನಾಲಿಗೆ ನಿನಗೆ ಗೊತ್ತಲ್ಲ. ಆವಿಗೆಯ ಮೇಲೆ ನಾನು ಹೊದಿಸಿದ್ದ ಹಳೆಯ ಕಂಬಳಿ ನೋಡಿ ಅವಳು, “ಹದಿನಾಲ್ಕು ತಿಂಗಳಿಂದ ಇದಕ್ಕೆ ಹೊದಿಸಿ ಕೂರಿಸಿದೀಯಲ್ಲೋ, ಇದೇನು ನಿನ್ನ ಮನೆ ಅಳಿಯನಾ?” ಎಂದಳು. ಮೇಸ್ತ್ರಿ ನಗಲಿಲ್ಲ, ಪಾಪ, ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. ಅವರು ಸಾಮಾನನ್ನು ಮನೆಯೊಳಕ್ಕೆ ಹೊತ್ತು, ಹೇಳಿದ ಮೂಲೆಯಲ್ಲೇ ಇಟ್ಟು ಹೋಗುತ್ತಾರಂತೆ. ಅದು ನನಗೆ ಹಿಡಿಸಿತು. ಆದರೆ ಒಂದೇ ಸಾಮಾನಿಗೆ ಲಾರಿ ಹೊರಡುವುದಿಲ್ಲ, ಕಾಲು ಭಾಗವಾದರೂ ತುಂಬಬೇಕು.

“ಮೇಡಮ್ಮೋರದ್ದು ಬೇರೆ ಏನೂ ಹೋಗೋದಿಲ್ವಾ?” ಎಂದು ಕೇಳಿ ಅವನು ಒಂದೊಂದೇ ಕೋಣೆ ನೋಡಿದ. ನಿನ್ನ ಬೀರು. ಅದು ಇರಲಿ ಎಂದೆ. ಕಿಟಕಿ ಪಕ್ಕದ ಕುರ್ಚಿ. ಅದೂ ಇರಲಿ. ಹಿಂದಿನ ಕೋಣೆಯ ಉದ್ದನೆಯ ಹಲಗೆ, ಗೋಡೆಯ ಮೊಳೆಯಲ್ಲಿ ನೇತಾಡುವ ಮಣ್ಣಿನ ಕಲೆಯ ಅಂಗಿ. ಇರಲಿ, ಇರಲಿ. ಅವನು ಪೆನ್ನಿನ ಮುಚ್ಚಳ ಹಾಕುತ್ತ, “ಹಂಗಾದ್ರೆ ವಾಪಸ್ ಬರ್ತಾರೆ ಅನ್ನಿ,” ಎಂದ. ನಾನು ಹೂಂ ಎಂದೆ. ಅಕ್ಕ ಲೋಟ ತೊಳೆಯಲು ಎದ್ದು ಹೋದಳು. ಅವಳು ಬಾಯಿ ಮುಚ್ಚಿಕೊಂಡದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಹೇಳಬೇಕಾದದ್ದು ಇಷ್ಟೇ. ಈ ಮನೆಯಲ್ಲಿ ನೀನು ತಿರುಗಿ ಕೇಳಿದ ಒಂದೇ ಒಂದು ಸಾಮಾನು ಆವಿಗೆ. ಬಟ್ಟೆ ಕೇಳಲಿಲ್ಲ, ಪುಸ್ತಕ ಕೇಳಲಿಲ್ಲ. ಅದು ಹೋದ ಮೇಲೆ ನನಗೆ ಬರೆಯಲು ನಿನಗೆ ಕಾರಣ ಉಳಿಯುವುದಿಲ್ಲ. ಇದು ಇಲ್ಲಿರುವವರೆಗೆ ತಿಂಗಳಿಗೊಂದಾದರೂ ಕಾಗದ ಬರುತ್ತಿತ್ತು. ನಿನಗೆ ಆದ ತೊಂದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಕೊನೆಗೆ ಉಳಿದದ್ದು ಸರಕು ಲಾರಿ. ಅವರ ಕಚೇರಿ ಊರಾಚೆ, ಗೋದಾಮುಗಳ ಸಾಲಿನ ಹಿಂದೆ. ಒಳಗೆ ರಟ್ಟು ಮತ್ತು ಡೀಸೆಲ್ ವಾಸನೆ. ಆವಿಗೆಯನ್ನು ಮರದ ಚೌಕಟ್ಟಿನ ಮೇಲೆ ಕೂರಿಸಿ ಪಟ್ಟಿ ಬಿಗಿದರೆ ಸಾಕು, ತೂಕದ ಚಿಂತೆಯಿಲ್ಲ, ಬಿಚ್ಚುವ ಗೋಜಿಲ್ಲ, ಲಾರಿ ತುಂಬಿಸುವ ಹೊಣೆ ಅವರದ್ದೇ. ಗುಮಾಸ್ತ ನನ್ನ ವಯಸ್ಸಿನವನು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದರ ಕಾಲು ಬಿಗಿ ಮಾಡಿಕೊಟ್ಟೆ. ಅಷ್ಟಕ್ಕೇ ಸ್ನೇಹಿತನಾದ. ನಾನು ತೋರಿಸಿದ ಆವಿಗೆಯ ಫೋಟೋ ನೋಡಿ, “ಇಷ್ಟು ದೊಡ್ಡ ಒಲೇಲಿ ಎಷ್ಟು ಜನಕ್ಕೆ ಅಡುಗೆ ಮಾಡ್ತಾರಪ್ಪಾ!” ಎಂದ. ಮಣ್ಣು ಸುಡುವುದಕ್ಕೆ ಎಂದೆ. “ಓ, ತಿನ್ನೋಕಲ್ಲ,” ಎಂದು ಬರೆದುಕೊಂಡ.

ಒಂದು ವಿಷಯ ಮಾತ್ರ ಅವನು ಎರಡು ಸಲ ಹೇಳಿದ. “ನಮ್ಮದು ಬಾಗಿಲವರೆಗೆ ಮಾತ್ರ. ಬಾಗಿಲು ಅಂದ್ರೆ ರಸ್ತೆ ಕಡೇದು. ಇಳಿಸಿ ಹೋಗ್ತಾರೆ. ಒಳಗೆ ತಗೊಂಡು ಹೋಗೋದು ನಿಮ್ಮ ಪಾಡು.” ಅದಕ್ಕಾಗಿ ಅರ್ಜಿಯಲ್ಲಿ ಮೂರು ಖಾನೆ. ಎಷ್ಟನೆಯ ಮಹಡಿ. ಬಾಗಿಲಿನ ಅಗಲ. ಒಳಗೆ ಸಾಗಿಸಲು ಅಲ್ಲಿ ಎಷ್ಟು ಜನ ಇದ್ದಾರೆ.

ಗೊತ್ತಿಲ್ಲ ಎಂದು ಮೂರನ್ನೂ ಖಾಲಿ ಬಿಟ್ಟು ಅರ್ಜಿ ತಿರುಗಿಸಿ ಕೊಟ್ಟೆ. ಅವನು ಅದನ್ನು ನೋಡಿ, “ಹೆಂಡ್ತಿ ಮನೆ ಅಂತೀರಾ, ಮೆಟ್ಟಿಲಿದೆಯೋ ಇಲ್ವೋ ಗೊತ್ತಿಲ್ಲ ಅಂತೀರಾ,” ಎಂದ. ಚುಚ್ಚಿ ಹೇಳಿದ್ದಲ್ಲ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ನಿನ್ನ ವಿಳಾಸವನ್ನು ನಾನು ನೋಡದೆ ಬರೆಯಬಲ್ಲೆ. ಆದರೆ ಆ ವಿಳಾಸದ ಮನೆ ಹೇಗಿದೆ, ನೀನು ಬೀಗ ತೆಗೆದು ಒಳಗೆ ಹೋದಾಗ ಮೊದಲು ಏನು ಕಾಣುತ್ತದೆ, ಬೆಳಕು ಯಾವ ಕಡೆಯಿಂದ ಬರುತ್ತದೆ, ನನಗೆ ಏನೂ ತಿಳಿಯದು. ನೀನೂ ಬರೆದಿಲ್ಲ, ನಾನೂ ಕೇಳಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆ. ಮರ್ಯಾದೆ ಅಲ್ಲ, ಹೆದರಿಕೆ.

ಆದ್ದರಿಂದ ಈಗ ಕೇಳುತ್ತೇನೆ, ಅರ್ಜಿಯ ನೆಪದಲ್ಲಿ. ಮೂರಕ್ಕೂ ಉತ್ತರ ಬರೆ. ಮೂರನೆಯದಕ್ಕೆ ಅಂಕಿ ಸಾಕು, ವಿವರಣೆ ಬೇಡ. ನೂರ ನಲವತ್ತು ಕಿಲೋ ಒಬ್ಬಳೇ ಎತ್ತಲಾಗದು ಎಂಬ ಒಂದೇ ಕಾರಣಕ್ಕೆ ಕೇಳುತ್ತಿದ್ದೇನೆ ಎಂದು ತಿಳಿ.

ನನ್ನ ಆರೋಗ್ಯ ಸರಿಯಾಗಿದೆ. ಸೊಂಟ ಮಾತ್ರ ಆಗಾಗ ಹಿಡಿದುಕೊಳ್ಳುತ್ತದೆ. ಅಂಗಡಿಯ ಎದುರಿನ ರಸ್ತೆ ಅಗೆದಿದ್ದಾರೆ. ಬರುವವರು ಹಲಗೆ ದಾಟಿ ಬರಬೇಕು. ಕಣ್ಣು ಸರಿಯಿಲ್ಲದವರೇ ಬರುವ ಅಂಗಡಿಗೆ ಇದೊಂದು ಪರೀಕ್ಷೆ.

ಇಂತಿ,
ನಿನ್ನ ಬಾಯಲ್ಲಿ ‘ರೀ’ ಆಗಿದ್ದವನು

ತಾ.ಕ.: ಮೇಲಿನದನ್ನು ಹರಿದು ಹಾಕಿ ಬೇರೆ ಬರೆಯಬೇಕಿತ್ತು, ಕೈ ಬರಲಿಲ್ಲ. ಉತ್ತರ ಬರೆಯಬೇಡ. ಕಳೆದ ಶುಕ್ರವಾರವೇ ಗುಮಾಸ್ತ ನನ್ನ ಪೇಚಾಟ ನೋಡಲಾರದೆ, ಅರ್ಜಿಯಲ್ಲಿದ್ದ ನಿನ್ನ ನಂಬರಿಗೆ ನನ್ನೆದುರೇ ಫೋನು ಮಾಡಿದ. ಎತ್ತಿದ್ದು ಒಬ್ಬ ಗಂಡಸು. ನೆಲಮಹಡಿ, ಬಾಗಿಲು ಅಗಲವಾಗಿದೆ, ನಾವಿಬ್ಬರಿದ್ದೇವೆ ಎಂದನಂತೆ. ಈ ಪತ್ರಕ್ಕೆ ಕೂರುವಾಗ ನನಗೆ ಇದೆಲ್ಲ ಗೊತ್ತಿತ್ತು. ನಿನ್ನ ಅಕ್ಷರದಲ್ಲಿ ನೋಡಬೇಕೆಂದಿತ್ತು. ಇನ್ನೊಂದು ಮಾತೂ ಹೇಳಿದನಂತೆ: ಆವಿಗೆಯ ಒಳಗಿನ ಹಲಗೆಗಳನ್ನು ತೆಗೆದು ಬೇರೆ ಕಟ್ಟಬೇಕು, ಒಳಗೇ ಬಿಟ್ಟರೆ ಅಲುಗಾಡಿ ಇಟ್ಟಿಗೆ ಒಡೆಯುತ್ತದೆ. ನಾನು ಒಳಗೇ ಬಿಟ್ಟು ಕಟ್ಟಿಸುತ್ತಿದ್ದೆ. ಅವನ್ನು ಎರಡು ಡಬ್ಬದಲ್ಲಿಟ್ಟು ಇವತ್ತು ಬೆಳಿಗ್ಗೆ ಪಾರ್ಸೆಲಿಗೆ ಹಾಕಿದ್ದೇನೆ, ತೂಕ ಮಿತಿಯೊಳಗೇ ಇತ್ತು. ಲಾರಿ ಇಪ್ಪತ್ತಮೂರನೇ ತಾರೀಖು, ಗುರುವಾರ ಮಧ್ಯಾಹ್ನ ಬರುತ್ತದೆ. ಇಬ್ಬರೂ ಮನೆಯಲ್ಲಿರಿ.