ಬ್ಯಾಂಡೇಜ್ ಸುತ್ತಿದ ಕುರ್ಚಿಯ ವಿಚಾರವಾಗಿ

ಆಸ್ಪತ್ರೆಯ ಅಧೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ, ಸಭಾಂಗಣದಿಂದ ಕುರ್ಚಿ ಹೊತ್ತೊಯ್ದವನು ನಾನು. ನೋಟಿಸು ಬಂದಿರುವುದು ಮಾತ್ರ ಮಹಿಳಾ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನ ಅಕ್ಕನಿಗೆ. 'ಸಂಸ್ಥೆಯ ಕುರ್ಚಿಯನ್ನು ಸಾಗಿಸಿ, ಕರ್ತವ್ಯದ ವೇಳೆ ಅದರ ಮೇಲೆ ಆಸೀನರಾಗಿದ್ದಕ್ಕೆ' ಕಾರಣ ಕೇಳಿದ್ದೀರಿ. ತಕ್ಕ ಉತ್ತರ ಬಾರದಿದ್ದರೆ ಕೆಲಸದಿಂದಲೇ ತೆಗೆಯುವಿರಂತೆ. ಸಾಗಿಸಿದ್ದಕ್ಕೆ ಕಾರಣ ನಾನು. ಕೂತಿದ್ದಕ್ಕೆ ಕಾರಣ ಅವಳ ಹೊಟ್ಟೆಯೊಳಗಿದೆ. ಅದು ಹೊರಬಂದು ತಮಗೆ ಉತ್ತರಿಸಲು ಇನ್ನೂ ಸ್ವಲ್ಪ ಕಾಲಾವಕಾಶ ಬೇಕು.

ತಾವು ಕಳೆದ ತಿಂಗಳು ವಾರ್ಡಿಗೆ ದಯಮಾಡಿಸಿದಾಗ ಅಕ್ಕ ಕೂತು ರೋಗಿಗಳ ಚಾರ್ಟು ಬರೆಯುತ್ತಿದ್ದಳು. ಕೂತ ನರ್ಸ್ ಎಂದರೆ ಕೆಲಸವಿಲ್ಲದ ನರ್ಸ್ ಎಂಬ ಮಹಾಸತ್ಯ ತಮಗೆ ಅಲ್ಲೇ ಹೊಳೆಯಿತು. ಮರುದಿನ ಕುರ್ಚಿಗಳೆಲ್ಲ ಮಾಯ! ಬದಲಿಗೆ 'ನಗುನಗುತ್ತಾ ಸೇವೆ ಮಾಡಿ' ಎಂಬ ಫಲಕ ಬಂತು. ಫಲಕಕ್ಕಾದರೋ ಒರಗಿಕೊಳ್ಳಲು ಗೋಡೆಯಿದೆ.

ರೋಗಿಗಳು ಮಾತ್ರ ತಮ್ಮಷ್ಟು ಶಿಸ್ತಿನವರಲ್ಲ. ಸೊಂಟ ಮುರಿದುಕೊಂಡು ಕಿಟಕಿ ಪಕ್ಕದಲ್ಲಿ ಮಲಗಿರುವ ಅಜ್ಜಿಯೊಬ್ಬರು, ಅಕ್ಕನ ಊದಿದ ಕಾಲು ಕಣ್ಣಿಗೆ ಬಿದ್ದಾಗಲೆಲ್ಲ ಕೂಗುತ್ತಾರೆ: "ಸಿಸ್ಟರಮ್ಮಾ, ಯಾಕೋ ನನ್ ನಾಡಿ ಓಡ್ತಾ ಇದೆ, ಸ್ವಲ್ಪ ನೋಡು ಬಾ."

ಅಕ್ಕ ಮಂಚದ ಅಂಚಿಗೆ ಕೂತು ಕೈ ಹಿಡಿಯುತ್ತಾಳೆ. "ಈಗಷ್ಟೇ ನೋಡಿದ್ನಲ್ಲಜ್ಜಿ, ಸರಿಯಾಗೇ ಇದೆ."

"ನಿಂಗೇನೇ ಗೊತ್ತು? ಇನ್ನೊಂದ್ಸಲ ಎಣ್ಸು. ನಿಧಾನಕ್ಕೆ ಎಣ್ಸು, ಅವಸರ ಏನಿಲ್ಲ."

ಅಜ್ಜಿಯ ಈ ನಾಡಿಯ ಕಾಯಿಲೆ ದಿನಕ್ಕೆ ಹತ್ತು ಸಲ ಮರುಕಳಿಸುತ್ತದೆ. ಹೃದಯ ತಜ್ಞರನ್ನು ಕಳಿಸುವ ಮುನ್ನ ಒಂದು ಕುರ್ಚಿ ಕಳಿಸಿ ನೋಡಬಾರದೇ?

ಇನ್ನು ಆ ದಿನದ ವಿಷಯ. ಅಕ್ಕನಿಗೆ ಊಟ ತಂದಿದ್ದ ನಾನು ಸಭಾಂಗಣದೊಳಗೆ ಇಣುಕಿದೆ. 'ಶುಶ್ರೂಷಕಿಯರ ವೃತ್ತಿಬದುಕಿನ ಗುಣಮಟ್ಟದ ಮೇಲೆ ಪ್ರಭಾವ ಬೀರುವ ಅಂಶಗಳು' ಎಂಬ ವಿಚಾರ ಸಂಕಿರಣ ನಡೆದಿತ್ತು. ಗಣ್ಯರು ಕೂತಿದ್ದರು, ಶುಶ್ರೂಷಕಿಯರು ಗೋಡೆಗುಂಟ ನಿಂತಿದ್ದರು. ಒತ್ತಡ ನಿರ್ವಹಣೆ, ದೀರ್ಘ ಉಸಿರಾಟ, ಸಕಾರಾತ್ಮಕ ಚಿಂತನೆ ಎಂದು ಅಂಶಗಳು ಒಂದೊಂದಾಗಿ ಹೊರಬಂದವು. ಬಹುಮುಖ್ಯವಾದ ಒಂದು ಅಂಶ ಮಾತ್ರ ಹೊರಬರಲಿಲ್ಲ. ಅದರ ಮೇಲೆ ತಾವು ಕೂತಿದ್ದಿರಿ. ಬಿರುಕು ಬಿಟ್ಟ ಕೈಗೆ ಅಕ್ಕನೇ ಬ್ಯಾಂಡೇಜ್ ಸುತ್ತಿದ್ದ, ಅವಳ ವಾರ್ಡಿನ ಕುರ್ಚಿ.

ತಾವು ಚಹಾಕ್ಕೆ ಎದ್ದಿರಿ. ನಾನು ಆ ಕುರ್ಚಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಗೌರವಪೂರ್ವಕವಾಗಿ ಹೊದಿಕೆ ಹೊದಿಸಿ ಹೊರಟೆ. ಬ್ಯಾಂಡೇಜಿನ ಕೈ ಮಾತ್ರ ಹೊರಗೆ ಇಣುಕುತ್ತಿತ್ತು. ಕಾವಲುಗಾರ ತಡೆದ.

"ಏನಾಯ್ತಪ್ಪಾ ಇವರಿಗೆ?"

"ಕೈ ಮುರಿದಿದೆ ಅಣ್ಣಾ. ದೊಡ್ಡೋರ ಭಾರ ತಡೀಲಿಲ್ಲ."

"ಅಯ್ಯೋ ಪಾಪ! ಹೋಗು, ಬೇಗ ಹೋಗು."

ಅಕ್ಕ ನೋಡಿದವಳೇ ತಲೆ ಚಚ್ಚಿಕೊಂಡಳು. "ನಿನ್ ತಲೆ ಕೆಟ್ಟಿದೆಯೇನೋ? ನನ್ ಕೆಲಸಕ್ಕೇ ಕುತ್ತು ತರ್ತೀಯಲ್ಲೋ!" ಬೈಯುತ್ತಲೇ ಕೂತಳು. ಕೂತ ಮೇಲೆ ಬೈಯುವುದನ್ನು ಮರೆತು ಕಣ್ಣು ಮುಚ್ಚಿದಳು. ನಾನು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ತಾವು ಬಾಗಿಲಲ್ಲಿದ್ದಿರಿ. ಕುರ್ಚಿ ಮತ್ತೆ ಸಭಾಂಗಣ ಸೇರಿತು, ನೋಟಿಸು ಅಕ್ಕನ ಕೈ ಸೇರಿತು.

ಆದ್ದರಿಂದ ಮಾನ್ಯರೇ, ಅಕ್ಕನ ನೋಟಿಸನ್ನು ಹಿಂಪಡೆದು ಅದನ್ನು ನನ್ನ ಹೆಸರಿಗೆ ಬರೆಯಿರಿ. ಶಿಕ್ಷೆಯಾಗಿ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ವಾರ್ಡಿನಲ್ಲಿ ನಿಲ್ಲಿಸಿ, ಸಂತೋಷದಿಂದ ನಿಲ್ಲುತ್ತೇನೆ. ಹಾಗೆ ನಿಲ್ಲಿಸುವುದು ಶಿಕ್ಷೆಯೆಂದು ತಾವು ಬರವಣಿಗೆಯಲ್ಲಿ ಒಪ್ಪಿದರೆ ನನಗಷ್ಟೇ ಸಾಕು.

ಕುರ್ಚಿಯನ್ನು ಇವತ್ತೇ ವಾರ್ಡಿಗೆ ಹಿಂದಿರುಗಿಸಿ. ನಾಳೆಗೆ ತಡವಾಗುತ್ತದೆ. ಕಿಟಕಿ ಪಕ್ಕದ ಅಜ್ಜಿಗೆ ಸೊಂಟ ವಾಸಿಯಾಗಿದೆ, ನಾಳೆ ಮನೆಗೆ ಹೊರಡುತ್ತಾರೆ. ನಡೆದಾಡುವಂತೆ ಮಾಡಿದ್ದು ಅಕ್ಕನೇ. ಕೂರಲು ತನಗಿದ್ದ ಒಂದೇ ಒಂದು ಜಾಗವನ್ನು ಹೀಗೆ ತಾನೇ ಗುಣಪಡಿಸಿ ಕಳಿಸಿಬಿಟ್ಟಳು.

ಇಂತಿ,
ಇಷ್ಟನ್ನೂ ಕೂತುಕೊಂಡೇ ಬರೆದ ನಾಚಿಕೆಯೊಂದಿಗೆ,
ಆ ನರ್ಸಿನ ತಮ್ಮ